ಒಂದೇ ದೇಹ, ಐದು ಚೀಟಿ: ಹಲವು ಕಾಯಿಲೆಗಳ ಆರೈಕೆ ನಡೆದು ಬಂದ ದಾರಿ

2005ರಲ್ಲಿ ಸಿಂಥಿಯಾ ಬಾಯ್ಡ್ ಎಂಬ ವೈದ್ಯೆ ಮತ್ತು ಅವರ ಜೊತೆಗಾರರು ಅಮೆರಿಕದ ವೈದ್ಯಕೀಯ ಪತ್ರಿಕೆ 'ಜಾಮಾ'ದಲ್ಲಿ ಒಂದು ಲೆಕ್ಕ ಹಾಕಿ ತೋರಿಸಿದರು. ಅದಕ್ಕಾಗಿ 79 ವರ್ಷದ ಒಬ್ಬ ಮಹಿಳೆಯನ್ನು ಊಹಿಸಿಕೊಂಡರು. ಆಕೆಗೆ ಸಕ್ಕರೆ ಕಾಯಿಲೆ, ಬಿಪಿ, ಕೀಲು ಸವೆತ, ಮೂಳೆ ಟೊಳ್ಳಾಗುವ ತೊಂದರೆ, ಜೊತೆಗೆ ಸಿಒಪಿಡಿ ಎಂಬ, ಉಸಿರು ಕಟ್ಟಿಸುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ. ಆ ವಯಸ್ಸಿನಲ್ಲಿ ಇವು ಒಟ್ಟಿಗೆ ಬರುವುದು ಅಪರೂಪವೇನಲ್ಲ. ಒಂದೊಂದಕ್ಕೂ ತಜ್ಞರು ಬರೆದಿಟ್ಟ ಮಾರ್ಗಸೂಚಿ ಇದೆ. ಎಲ್ಲವನ್ನೂ ಚಾಚೂ ತಪ್ಪದೆ ಪಾಲಿಸಿದರೆ ಏನಾಗುತ್ತದೆ? 12 ಬಗೆಯ ಔಷಧ. ದಿನಕ್ಕೆ ಐದು ಹೊತ್ತು, ಒಟ್ಟು 19 ಡೋಸ್. ತಿಂಗಳಿಗೆ ಔಷಧದ ಖರ್ಚೇ 406 ಡಾಲರ್. ಇದರ ಮೇಲೆ ಪಥ್ಯ, ವ್ಯಾಯಾಮ, ಪಾದದ ಆರೈಕೆ, ಕಣ್ಣಿನ ಪರೀಕ್ಷೆ, ರಕ್ತ ಪರೀಕ್ಷೆ.

ಇದರಲ್ಲಿ ಯಾವ ವೈದ್ಯರ ತಪ್ಪೂ ಇಲ್ಲ. ಬಿಡಿ ಬಿಡಿಯಾಗಿ ನೋಡಿದರೆ ಪ್ರತಿ ಚೀಟಿಯೂ ಸರಿಯೇ. ಆದರೆ ಎಲ್ಲ ಹೋಗಿ ಸೇರುವುದು ಒಂದೇ ದೇಹಕ್ಕೆ, ಅಲ್ವಾ? ಕೀಲು ನೋವಿಗೆ ನುಂಗುವ ಐಬುಪ್ರೊಫೆನ್‌ನಂಥ ಮಾತ್ರೆ ಬಿಪಿ ಏರಿಸಬಹುದು, ಕಿಡ್ನಿಗೂ ಪೆಟ್ಟು ಕೊಡಬಹುದು. ಉಸಿರಾಟದ ತೊಂದರೆ ಕೆರಳಿದಾಗ ಕೊಡುವ ಸ್ಟಿರಾಯ್ಡ್ ಶುಗರ್ ಏರಿಸುತ್ತದೆ. ಪದೇಪದೇ ಕೊಟ್ಟರೆ ಮೂಳೆಯನ್ನೂ ಸವೆಸುತ್ತದೆ.

ವೈದ್ಯಕೀಯ ಈ ಇಕ್ಕಟ್ಟಿಗೆ ಬಂದು ನಿಂತದ್ದು ಹೇಗೆ ಅಂತ ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

1950ರ ದಶಕದಲ್ಲಿ ಲಂಡನ್ನಿನ ಟ್ಯಾವಿಸ್ಟಾಕ್ ಕ್ಲಿನಿಕ್‌ನಲ್ಲಿ ಮನೋವಿಶ್ಲೇಷಕ ಮೈಕೆಲ್ ಬಾಲಿಂಟ್ ಮತ್ತು ಅವರ ಪತ್ನಿ ಎನಿಡ್ ಬಾಲಿಂಟ್ ಕುಟುಂಬ ವೈದ್ಯರನ್ನು ಕೂರಿಸಿಕೊಂಡು ಚರ್ಚೆ ನಡೆಸುತ್ತಿದ್ದರು. ಕಾಯಿಲೆಯ ಜೊತೆ ಆ ರೋಗಿಯ ಬದುಕು, ಭಯ, ಸಂಬಂಧಗಳನ್ನೂ ವೈದ್ಯರು ಕೇಳಿ ತಿಳಿಯಬೇಕು ಎನ್ನುವುದು ಅವರ ಒತ್ತಾಯ. ರೋಗಿ ಕೇಂದ್ರಿತ ವೈದ್ಯಕೀಯದ ಬಗ್ಗೆ 1969ರಲ್ಲಿ ಎನಿಡ್ ಒಂದು ಲೇಖನವನ್ನೇ ಬರೆದರು. 1977ರಲ್ಲಿ ಅಮೆರಿಕದ ವೈದ್ಯ ಜಾರ್ಜ್ ಎಂಗೆಲ್ ಇನ್ನೂ ಮುಂದೆ ಹೋಗಿ, ದೇಹ, ಮನಸ್ಸು, ಸಮಾಜ ಮೂರನ್ನೂ ಸೇರಿಸಿ ನೋಡದಿದ್ದರೆ ಕಾಯಿಲೆ ಅರ್ಥವಾಗುವುದಿಲ್ಲ ಎಂದು ವಾದಿಸಿದರು. ಮರುವರ್ಷ ಆಗಿನ ಸೋವಿಯತ್ ಒಕ್ಕೂಟದ ಅಲ್ಮಾ ಆಟಾ ನಗರದ ಸಮ್ಮೇಳನದಲ್ಲಿ ಜಗತ್ತಿನ ಸರ್ಕಾರಗಳು ಪ್ರಾಥಮಿಕ ಆರೋಗ್ಯ ಸೇವೆಯೇ ಬುನಾದಿ ಎಂದು ಒಪ್ಪಿದವು.

ಒಬ್ಬರಿಗೇ ಹಲವು ಕಾಯಿಲೆ ಇರುವ ಸಂಗತಿಯತ್ತಲೂ ಆ ಹೊತ್ತಿಗೇ ಗಮನ ಹೋಗಿತ್ತು. 1970ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ವೈದ್ಯ ಆಲ್ವನ್ ಫೈನ್‌ಸ್ಟೀನ್ ಇದನ್ನು ಎತ್ತಿ ಹೇಳಿದರು. ರೋಗಿಗೆ ಬೇರೆ ಏನೇನು ಕಾಯಿಲೆ ಇದೆ ಎಂದು ನೋಡದೆ ಎರಡು ಚಿಕಿತ್ಸೆಗಳನ್ನು ಹೋಲಿಸಿದರೆ ಲೆಕ್ಕ ತಪ್ಪುತ್ತದೆ ಎಂಬುದು ಅವರ ಮಾತು. ಆದರೂ ಅವರ ಚೌಕಟ್ಟಿನಲ್ಲಿ ಒಂದು ಕಾಯಿಲೆ ಮುಖ್ಯ, ಉಳಿದವು ಜೊತೆಗಿರುವವು. ಕುಟುಂಬ ವೈದ್ಯರ ಮುಂದೆ ಕೂತವರಿಗೆ ಹಾಗೆ ವಿಂಗಡಿಸಲು ಬರುವುದಿಲ್ಲ. ಇವತ್ತು ಮಂಡಿ ಮುಖ್ಯ, ನಾಳೆ ಉಸಿರು.

ಆಮೇಲೆ ಬಂದದ್ದು ಪುರಾವೆ ಆಧರಿತ ವೈದ್ಯಕೀಯದ, ಅಂದರೆ ಪ್ರಯೋಗಗಳಲ್ಲಿ ಗುಣ ಕಂಡ ಚಿಕಿತ್ಸೆಗೇ ಒತ್ತು ಕೊಡುವ ಕಾಲ. 1990ರ ದಶಕದಿಂದ ಕಾಯಿಲೆಗೊಂದು ಎಂಬಂತೆ ಮಾರ್ಗಸೂಚಿಗಳು ಬೆಳೆದವು. ಇದರಿಂದ ಆದ ಒಳ್ಳೆಯದು ಸಣ್ಣದಲ್ಲ. ಹೃದಯಾಘಾತ, ಪಾರ್ಶ್ವವಾಯು ತಡೆಯುವ ಚಿಕಿತ್ಸೆಗಳು ಅಸಂಖ್ಯ ಜೀವ ಉಳಿಸಿವೆ. ಆದರೆ ಪುರಾವೆ ಎಲ್ಲಿಂದ ಬರುತ್ತದೆ ನೋಡಿ. ಔಷಧದ ಪ್ರಯೋಗಗಳಿಗೆ ಸಾಮಾನ್ಯವಾಗಿ ಹಲವು ಕಾಯಿಲೆ ಇರುವವರನ್ನು, ತೀರಾ ವಯಸ್ಸಾದವರನ್ನು ಸೇರಿಸಿಕೊಳ್ಳುವುದಿಲ್ಲ. ಫಲಿತಾಂಶ ಗೋಜಲಾಗುತ್ತದೆ ಎಂಬ ಕಾರಣಕ್ಕೆ. ಕೊನೆಗೆ ಆ ಔಷಧವನ್ನು ಜಾಸ್ತಿ ನುಂಗುವವರು ಅವರೇ.

ಅದೇ ದಶಕದಲ್ಲಿ ಅಮೆರಿಕದ ಸಿಯಾಟಲ್‌ನ ವೈದ್ಯ ಎಡ್ವರ್ಡ್ ವ್ಯಾಗ್ನರ್ ಸಮಸ್ಯೆಯನ್ನು ಬೇರೆ ಕಡೆಯಿಂದ ಹಿಡಿದರು. ಕ್ಲಿನಿಕ್‌ಗಳು ಕಟ್ಟಿಕೊಂಡಿರುವುದೇ ದಿಢೀರನೆ ಬಂದು ಹೋಗುವ ಕಾಯಿಲೆಗಳಿಗಾಗಿ ಎಂದರು ಅವರು. ಜ್ವರ ಬಂತು, ಮಾತ್ರೆ ಕೊಟ್ಟರು, ಮುಗಿಯಿತು. ಬಾಳಿನುದ್ದಕ್ಕೂ ಇರುವ ಕಾಯಿಲೆಗೆ ಈ ಏರ್ಪಾಡು ಸಾಲದು. ರೋಗಿಗೆ ತನ್ನ ಕಾಯಿಲೆ ನಿಭಾಯಿಸುವ ತಿಳಿವಳಿಕೆ ಬೇಕು. ಕ್ಲಿನಿಕ್‌ನಲ್ಲಿ ವೈದ್ಯರು, ನರ್ಸ್‌ಗಳು ತಂಡವಾಗಿ ಮೊದಲೇ ಸಿದ್ಧರಾಗಿರಬೇಕು. ಯಾರು ಯಾವಾಗ ಬರಬೇಕಿತ್ತು, ಬರಲಿಲ್ಲ ಎಂದು ತಿಳಿಸುವ ದಾಖಲೆ ಬೇಕು. ಈ ಮಾದರಿ ಬಹಳ ದೇಶಗಳಿಗೆ ಹರಡಿತು. ಆದರೆ ಹೆಚ್ಚಿನ ಕಡೆ ಅದನ್ನೂ ಒಂದೊಂದೇ ಕಾಯಿಲೆಗೆ ಜೋಡಿಸಿದರು. ಸಕ್ಕರೆ ಕಾಯಿಲೆಗೊಂದು ಕಾರ್ಯಕ್ರಮ, ಆಸ್ತಮಾಕ್ಕೊಂದು. ರೋಗಿ ಎರಡೂ ಕಡೆ ಅಲೆಯಬೇಕಾಯಿತು.

ಈ ಅಲೆದಾಟವೇ ಒಂದು ಹೊರೆ ಎಂದು ನೇರವಾಗಿ ಹೇಳಿದವರು ಸಂಶೋಧಕರಾದ ಕಾರ್ಲ್ ಮೇ, ವಿಕ್ಟರ್ ಮೊಂಟೋರಿ ಮತ್ತು ಫ್ರಾನ್ಸಿಸ್ ಮೇರ್. 2009ರಲ್ಲಿ ಅವರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು: ಚಿಕಿತ್ಸೆ ರೋಗಿಯ ಬದುಕನ್ನು ಆದಷ್ಟು ಕಡಿಮೆ ಕೆಡಿಸಬೇಕು. ನನ್ನ ಮಟ್ಟಿಗೆ ಈ ಇಡೀ ಇತಿಹಾಸದ ದೊಡ್ಡ ತಿರುವು ಇದೇ. ಅಲ್ಲಿಯವರೆಗೆ ಮಾತ್ರೆ ನುಂಗದವರನ್ನು 'ಹೇಳಿದ ಮಾತು ಕೇಳದವರು' ಎಂದು ಬಗೆಯುವುದು ರೂಢಿ. ಈ ಲೇಖನದ ನಂತರ ಇನ್ನೊಂದು ಪ್ರಶ್ನೆಗೆ ಬಲ ಬಂತು: ನಾವು ಕೊಟ್ಟ ಕೆಲಸ ಅವರ ಕೈಲಿ ಆಗುವಂಥದ್ದೇ?

ಮಾತ್ರೆಗಳು ಹೆಚ್ಚುವ ಒಂದು ಬಗೆಯನ್ನು ಹತ್ತಿರದಿಂದ ನೋಡೋಣ. ಬಿಪಿಗೆ ಅಮ್ಲೋಡಿಪಿನ್ ಕೊಡುತ್ತಾರೆ. ಕೆಲವರಿಗೆ ಇದರಿಂದ ಪಾದ ಊದುತ್ತದೆ. ಊತ ಔಷಧದ್ದೇ ಎಂದು ಹೊಳೆಯದೆ ಇನ್ನೊಬ್ಬರು ನೀರಿಳಿಸುವ ಮಾತ್ರೆ ಬರೆಯುತ್ತಾರೆ. ಅದರಿಂದ ಯೂರಿಕ್ ಆಮ್ಲ ಏರಿ ಹೆಬ್ಬೆರಳಿನ ಗಂಟು ಉರಿಯತೊಡಗುತ್ತದೆ. ಅದಕ್ಕೊಂದು ಮಾತ್ರೆ. ರಾತ್ರಿ ಪದೇಪದೇ ಮೂತ್ರಕ್ಕೆ ಏಳುವಾಗ ತಲೆಸುತ್ತು, ಬೀಳುವ ಭಯ. 1990ರ ದಶಕದಲ್ಲೇ ವೈದ್ಯರಾದ ಪೌಲಾ ರೋಶನ್ ಮತ್ತು ಜೆರ್ರಿ ಗುರ್ವಿಟ್ಜ್ ಇಂಥ ಸರಪಳಿಯನ್ನು ಗುರುತಿಸಿದ್ದರು. ಇದನ್ನು ಕಡಿಯಲು ಹೊಸ ಔಷಧ ಬೇಡ. ಎಲ್ಲ ಚೀಟಿಗಳನ್ನೂ ಒಟ್ಟಿಗೆ ಹರಡಿಕೊಂಡು, ಇದು ಯಾಕೆ ಶುರುವಾಯಿತು ಎಂದು ಕೇಳುವ ಒಬ್ಬ ವೈದ್ಯರು ಬೇಕು. ಕೇಳುವಷ್ಟು ಹೊತ್ತೂ ಬೇಕು.

ಆ ಹೊತ್ತೇ ಇಲ್ಲ. 2005ರಲ್ಲೇ ಅಮೆರಿಕದ ಒಂದು ಅಧ್ಯಯನ ಲೆಕ್ಕ ಕೊಟ್ಟಿತ್ತು. 2,500 ಜನರನ್ನು ನೋಡಿಕೊಳ್ಳುವ ಒಬ್ಬ ವೈದ್ಯರು ಹತ್ತು ಸಾಮಾನ್ಯ ದೀರ್ಘ ಕಾಯಿಲೆಗಳಿಗೆ ಮಾರ್ಗಸೂಚಿಯಂತೆ ಆರೈಕೆ ಕೊಡಬೇಕು ಅಂದುಕೊಳ್ಳಿ. ಎಲ್ಲರ ಕಾಯಿಲೆಯೂ ಹತೋಟಿಯಲ್ಲಿದ್ದರೆ ದಿನಕ್ಕೆ 3.5 ಗಂಟೆ ಬೇಕು. ಇಲ್ಲದಿದ್ದರೆ 10.6 ಗಂಟೆ!

ಸಮಸ್ಯೆ ಎಷ್ಟು ದೊಡ್ಡದು ಎಂಬುದು 2012ರಲ್ಲಿ ಸ್ಪಷ್ಟವಾಯಿತು. ಸ್ಕಾಟ್ಲೆಂಡಿನ 314 ಕ್ಲಿನಿಕ್‌ಗಳ ಸುಮಾರು 17.5 ಲಕ್ಷ ಜನರ ದಾಖಲೆಗಳನ್ನು ನೋಡಿದ ಅಧ್ಯಯನ 'ಲ್ಯಾನ್ಸೆಟ್'ನಲ್ಲಿ ಬಂತು. 23.2% ಜನರಿಗೆ ಎರಡು ಅಥವಾ ಹೆಚ್ಚು ಕಾಯಿಲೆಗಳಿದ್ದವು. ಇದು ಮುಪ್ಪಿನ ಸಮಸ್ಯೆ ಮಾತ್ರ ಎಂಬ ನಂಬಿಕೆಯೂ ಬಿದ್ದುಹೋಯಿತು. ತಲೆ ಎಣಿಸಿದರೆ 65ಕ್ಕಿಂತ ಕಿರಿಯರೇ ಹೆಚ್ಚು. ನನಗೆ ಬಹಳ ಕಾಡಿದ್ದು ಇನ್ನೊಂದು ಅಂಶ. ಕಡುಬಡ ಪ್ರದೇಶಗಳಲ್ಲಿ ಹಲವು ಕಾಯಿಲೆಗಳು ಶ್ರೀಮಂತ ಪ್ರದೇಶಗಳಿಗಿಂತ 10-15 ವರ್ಷ ಮೊದಲೇ ಅಂಟಿಕೊಳ್ಳುತ್ತವೆ. ಅಲ್ಲಿ ದೇಹದ ಕಾಯಿಲೆಯ ಜೊತೆ ಮನಸ್ಸಿನ ಕಾಯಿಲೆಯೂ ಜಾಸ್ತಿ. ಆರೈಕೆ ಹೆಚ್ಚು ಬೇಕಾದ ಕಡೆಯೇ ಅದು ಕಡಿಮೆ ಸಿಗುತ್ತದೆ ಎಂದು ವೇಲ್ಸ್‌ನ ವೈದ್ಯ ಜೂಲಿಯನ್ ಟ್ಯೂಡರ್ ಹಾರ್ಟ್ 1971ರಲ್ಲೇ ಬರೆದಿದ್ದರು.

2016ರಲ್ಲಿ ಬ್ರಿಟನ್ನಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ರೂಪಿಸುವ ನೈಸ್ ಸಂಸ್ಥೆ ಹಲವು ಕಾಯಿಲೆ ಇರುವವರಿಗಾಗಿಯೇ ಮಾರ್ಗಸೂಚಿ ತಂದಿತು. ನಿಮಗೆ ಯಾವುದು ಮುಖ್ಯ ಎಂದು ಕೇಳಿ, ಚಿಕಿತ್ಸೆಯ ಹೊರೆ ಅಳೆಯಿರಿ, ಲಾಭ ಕಡಿಮೆ ಇರುವ ಔಷಧ ನಿಲ್ಲಿಸಬಹುದೇ ನೋಡಿ ಎಂದಿತು. ಔಷಧ ನಿಲ್ಲಿಸುವ ಮಾತು ಅಧಿಕೃತವಾಗಿ ಬಂದದ್ದು ಸಣ್ಣ ಸಂಗತಿಯಲ್ಲ.

ಹೀಗೆ ಮಾಡಿದರೆ ಗುಣ ಕಾಣುತ್ತದೆಯೇ? ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡಿನ 33 ಕ್ಲಿನಿಕ್‌ಗಳಲ್ಲಿ, ಮೂರು ಅಥವಾ ಹೆಚ್ಚು ಕಾಯಿಲೆ ಇರುವ 1,546 ಜನರ ಮೇಲೆ ನಡೆದ ದೊಡ್ಡ ಪ್ರಯೋಗದ ಫಲಿತಾಂಶ 2018ರಲ್ಲಿ ಬಂತು. ಆರು ತಿಂಗಳಿಗೊಮ್ಮೆ ಎಲ್ಲ ಕಾಯಿಲೆಗಳನ್ನೂ ಒಟ್ಟಿಗೆ ನೋಡುವ ಭೇಟಿ. ರೋಗಿಯ ಮುಖ್ಯ ಚಿಂತೆಯಿಂದಲೇ ಮಾತು ಶುರು. ಖಿನ್ನತೆಯ ವಿಚಾರಣೆ, ಔಷಧಗಳ ಪರಿಶೀಲನೆ. ರೋಗಿಗಳು ಇದನ್ನು ಮೆಚ್ಚಿದರು. ತಮ್ಮನ್ನು ಮನುಷ್ಯರಂತೆ ಕಂಡರು, ಆರೈಕೆ ಒಂದಕ್ಕೊಂದು ಹೊಂದಿಕೊಂಡಿತು ಎಂದರು. ಆದರೆ 15 ತಿಂಗಳ ಕೊನೆಗೆ ಬದುಕಿನ ಗುಣಮಟ್ಟದ ಅಂಕದಲ್ಲಿ ವ್ಯತ್ಯಾಸ ಕಾಣಲಿಲ್ಲ.

ಕೆಲವರು ಇದನ್ನು ಸೋಲು ಎಂದರು. ನಾನು ಒಪ್ಪುವುದಿಲ್ಲ. ಎರಡು ಭೇಟಿಗಳೂ ಎಲ್ಲರಿಗೆ ಪೂರ್ತಿ ಸಿಕ್ಕಿರಲಿಲ್ಲ. ಹತ್ತಾರು ವರ್ಷಗಳಲ್ಲಿ ಕೂಡಿಕೊಂಡ ಕಾಯಿಲೆ ಹದಿನೈದು ತಿಂಗಳಲ್ಲಿ ಕರಗಬೇಕು ಎನ್ನುವುದೂ ಹೆಚ್ಚಾಯಿತು. ಒಳ್ಳೆಯ ಆರೈಕೆ ಸಿಗುವುದೇ ಒಂದು ಫಲ ಅಲ್ಲವೇ? ಕಾಲ ಉದ್ದವಾದರೆ ಚಿತ್ರ ಬೇರೆ. ನಾರ್ವೆಯ 2022ರ ಅಧ್ಯಯನದಲ್ಲಿ, ಒಬ್ಬರೇ ಕುಟುಂಬ ವೈದ್ಯರ ಬಳಿ 15 ವರ್ಷಕ್ಕಿಂತ ಹೆಚ್ಚು ಕಾಲ ಇದ್ದವರು ಮತ್ತು ಒಂದು ವರ್ಷವಷ್ಟೇ ಇದ್ದವರನ್ನು ಹೋಲಿಸಿದರು. ಮೊದಲನೆಯವರಲ್ಲಿ ಸಾವಿನ ಸಾಧ್ಯತೆ ಸುಮಾರು ಕಾಲು ಭಾಗ ಕಡಿಮೆ ಇತ್ತು. ಇದೊಂದೇ ಕಾರಣ ಎಂದು ಇಂಥ ಅಧ್ಯಯನ ಸಾಬೀತು ಮಾಡದು. ಆದರೂ ಬದಿಗಿಡುವ ಸಂಖ್ಯೆಯಲ್ಲ ಅದು.

ಈಗ ತಡೆ ಇರುವುದು ಹಣದ ಏರ್ಪಾಡಿನಲ್ಲಿ. 2004ರಿಂದ ಬ್ರಿಟನ್ನಿನಲ್ಲಿ ಕುಟುಂಬ ವೈದ್ಯರಿಗೆ ಕಾಯಿಲೆವಾರು ಗುರಿ ಮುಟ್ಟಿದ್ದಕ್ಕೆ ಹಣ ಕೊಡುವ ಪದ್ಧತಿ ಬಂತು. ಶುಗರ್ ಇಷ್ಟಕ್ಕೆ ಇಳಿದರೆ ಇಷ್ಟು ಅಂಕ, ಬಿಪಿ ಇಳಿದರೆ ಇಷ್ಟು. ಸ್ಕಾಟ್ಲೆಂಡ್ 2016ರಲ್ಲಿ ಅದನ್ನು ಕೈಬಿಟ್ಟಿತು. ಒಂದು ಮಾತ್ರೆ ನಿಲ್ಲಿಸಲು ಅರ್ಧ ಗಂಟೆ ಕೂತು ಮಾತಾಡಿದ ವೈದ್ಯರಿಗೆ ಆ ಅರ್ಧ ಗಂಟೆಯ ಸಂಬಳ ಕೊಡುವ ದಾರಿಯನ್ನು ಹೆಚ್ಚಿನ ವ್ಯವಸ್ಥೆಗಳು ಇನ್ನೂ ಹುಡುಕುತ್ತಲೇ ಇವೆ.