ತಿರುಪಿಗೆ ಕೈ ಹಚ್ಚದಿರುವ ವಿದ್ಯೆ

ಒಂದು ಕಿಲೋ ಸಕ್ಕರೆಯ ಪೊಟ್ಟಣಗಳನ್ನು ತುಂಬುವ ಯಂತ್ರದ ಮುಂದೆ ಒಬ್ಬ ಕೆಲಸಗಾರ ನಿಂತಿದ್ದಾನೆ ಎಂದಿಟ್ಟುಕೊಳ್ಳೋಣ. ಪೊಟ್ಟಣವೊಂದು 995 ಗ್ರಾಂ ತೂಗಿತು. ಆತ ತಿರುಪನ್ನು ಐದು ಗ್ರಾಂ ಏರಿಸಿದ. ಮುಂದಿನದು 1,008 ತೂಗಿತು. ಎಂಟು ಗ್ರಾಂ ಇಳಿಸಿದ. ನೋಡುವವರ ಕಣ್ಣಿಗೆ ಇದು ಶ್ರದ್ಧೆಯೇ ಸರಿ. ಆದರೆ ಯಂತ್ರ ಸ್ಥಿರವಾಗಿದ್ದ ಪಕ್ಷದಲ್ಲಿ ಈ ಶ್ರದ್ಧೆಯೇ ತೂಕವನ್ನು ಕೆಡಿಸುತ್ತದೆ. ಎಷ್ಟು ಕೆಡಿಸುತ್ತದೆ ಎಂಬುದನ್ನೂ ಲೆಕ್ಕ ಹಾಕಿ ಹೇಳಬಹುದು.

ಹರಳುಗಳ ಗಾತ್ರ, ಯಂತ್ರದ ನಡುಕ, ಗಾಳಿಯ ತೇವ ಮುಂತಾದ ನೂರು ಚಿಲ್ಲರೆ ಕಾರಣಗಳು ಕೂಡಿ ಆ ಪೊಟ್ಟಣದಲ್ಲಿ ಐದು ಗ್ರಾಂ ಕಡಿಮೆಯಾಯಿತು. ಆ ಆಕಸ್ಮಿಕ ಅದರೊಂದಿಗೇ ಹೊರಟುಹೋಯಿತು. ಅದಕ್ಕೆಂದು ಮಾಡಿದ ತಿದ್ದುಪಡಿ ಮಾತ್ರ ಮುಂದಿನ ಪೊಟ್ಟಣದ ತಲೆಗೆ ಬಂತು. ಹೀಗಾಗಿ ಪ್ರತಿ ಪೊಟ್ಟಣವೂ ತನ್ನದೊಂದು, ಹಿಂದಿನದರದ್ದೊಂದು, ಎರಡು ಆಕಸ್ಮಿಕಗಳನ್ನು ಹೊರುತ್ತದೆ. ನಿನ್ನೆ ಊಟಕ್ಕೆ ಇಬ್ಬರು ಕಡಿಮೆ ಬಂದರೆಂದು ಇಂದು ಇಬ್ಬರಿಗೆ ಕಡಿಮೆ ಅನ್ನ ಮಾಡಿದಂತೆ. ಇಂದು ಎಷ್ಟು ಜನ ಬರುತ್ತಾರೆಂಬುದಕ್ಕೆ ನಿನ್ನೆಯ ಹಂಗಿಲ್ಲ. ಯಂತ್ರದ ಸಹಜ ಮಾನಕ ವಿಚಲನೆ, ಅಂದರೆ ಅಳತೆಗಳು ಸರಾಸರಿಯ ಸುತ್ತ ಎಷ್ಟು ಚದುರುತ್ತವೆ ಎಂಬುದರ ಅಳತೆ (standard deviation), 4 ಗ್ರಾಂ ಇದ್ದರೆ, ಅದರ ವರ್ಗ 16. ಇಂಥ ಎರಡು ಕೂಡಿದರೆ 32. ವರ್ಗಮೂಲ ಸುಮಾರು 5.7. ನಾಲ್ಕು ಗ್ರಾಂ ಇದ್ದ ಏರುಪೇರು ತಿದ್ದಲು ಹೋಗಿ ಅಷ್ಟಕ್ಕೇರಿತು. ಗುಣಮಟ್ಟ ನಿಯಂತ್ರಣವನ್ನು ಕಲಿಸುತ್ತಿದ್ದ ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಡೆಮಿಂಗ್ ಇದನ್ನೇ ಆಲಿಕೆಯಿಂದ ಗೋಲಿ ಬೀಳಿಸಿ ತೋರಿಸುತ್ತಿದ್ದರು: ಗೋಲಿ ಗುರಿ ತಪ್ಪಿದಾಗಲೆಲ್ಲ ಆಲಿಕೆಯನ್ನು ಸರಿಸಿದರೆ ಗುರುತುಗಳು ಇನ್ನಷ್ಟು ಚದುರುತ್ತವೆ.

ಹಾಗಾದರೆ ತಿರುಪನ್ನು ಮುಟ್ಟಬೇಕಾದದ್ದು ಯಾವಾಗ? ಅಮೆರಿಕದ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯಲ್ಲಿದ್ದ ಭೌತವಿಜ್ಞಾನಿ ವಾಲ್ಟರ್ ಶೂಹಾರ್ಟ್ 1924ರ ಮೇ 16ರಂದು ತಮ್ಮ ಮೇಲಧಿಕಾರಿಗೆ ಕಳಿಸಿದ ಪುಟ್ಟ ಟಿಪ್ಪಣಿಯಲ್ಲಿ ಇದಕ್ಕೆ ಉತ್ತರವಾಗಿ ಒಂದು ನಕ್ಷೆಯಿತ್ತು. ನಡುವೆ ಸರಾಸರಿಯ ಗೆರೆ, ಮೇಲೆ ಕೆಳಗೆ ಒಂದೊಂದು ಎಲ್ಲೆ. ಅಳತೆ ಎಲ್ಲೆಯೊಳಗೇ ಏರಿಳಿಯುತ್ತಿದ್ದರೆ ಸುಮ್ಮನಿರಬೇಕು, ದಾಟಿದರೆ ಕಾರಣ ಹುಡುಕಬೇಕು. ಆ ಎಲ್ಲೆಗಳನ್ನು ಮೂರು ಮಾನಕ ವಿಚಲನೆಗಳ ದೂರದಲ್ಲಿ ಎಳೆಯುವುದು ರೂಢಿಯಾಯಿತು. ನಮ್ಮ ಯಂತ್ರಕ್ಕಾದರೆ 988 ಮತ್ತು 1,012. ಈ ಎಲ್ಲೆಗಳು ಹುಟ್ಟುವುದು ಯಂತ್ರದ ನಡವಳಿಕೆಯಿಂದಲೇ ಹೊರತು ಗ್ರಾಹಕನ ಅಪೇಕ್ಷೆಯಿಂದಲ್ಲ. ಎಂಜಿನಿಯರುಗಳೂ ಇವೆರಡನ್ನು ಬೆರೆಸಿ ಗೊಂದಲ ಮಾಡಿಕೊಳ್ಳುವುದುಂಟು. ಎಲ್ಲೆಯನ್ನು ಎರಡು ವಿಚಲನೆಗಳಿಗೇ ನಿಲ್ಲಿಸಿದರೆ ಸ್ಥಿರವಾದ ಯಂತ್ರವೂ ಸರಾಸರಿ 22 ಅಳತೆಗಳಿಗೊಮ್ಮೆ ಸುಳ್ಳು ಕೂಗು ಹಾಕುತ್ತದೆ. ಮೂರಾದರೆ ಸುಮಾರು 370ಕ್ಕೊಮ್ಮೆ. ಮಹಲನೋಬಿಸ್ ಅವರ ಭಾರತೀಯ ಸಾಂಖ್ಯಿಕ ಸಂಸ್ಥೆಯ ಆಶ್ರಯದಲ್ಲಿ ಶೂಹಾರ್ಟ್ 1947-48ರಲ್ಲಿ ಭಾರತಕ್ಕೂ ಬಂದಿದ್ದರು.

ಕೆಟ್ಟ ದಿನದ ಮರುದಿನ ಯಂತ್ರಕ್ಕೆ ನಿಂಬೆಹಣ್ಣು ಕಟ್ಟಿದರೆ ತೂಕ ಸರಿಹೋದಂತೆ ಕಾಣುವುದೂ ಇದೇ ಏರುಪೇರಿನ ಆಟ: ಅತಿರೇಕದ ಅಳತೆಯ ನಂತರದ್ದು ಸಾಮಾನ್ಯವಾಗಿ ಸರಾಸರಿಗೆ ಹತ್ತಿರವಿರುತ್ತದೆ. ನಿಂಬೆಹಣ್ಣಿಗೆ ಸಲ್ಲುವ ಕೀರ್ತಿ ಕೆಲವೊಮ್ಮೆ ಮ್ಯಾನೇಜರರ ಬೈಗುಳಕ್ಕೂ ಸಲ್ಲುತ್ತದೆ.

1950ರಲ್ಲಿ ಲೆವೆ ಮತ್ತು ಜೆನ್ನಿಂಗ್ಸ್ ಎಂಬ ಅಮೆರಿಕದ ಸಂಶೋಧಕರು ಈ ನಕ್ಷೆಯನ್ನು ವೈದ್ಯಕೀಯ ಪ್ರಯೋಗಾಲಯಕ್ಕೆ ತಂದರು. ರೋಗಿಗಳ ರಕ್ತಕ್ಕೆ ಮೊದಲು, ಮೌಲ್ಯ ಗೊತ್ತಿರುವ ಕಂಟ್ರೋಲ್ ಮಾದರಿಯನ್ನು ಅಳೆದು ಚುಕ್ಕೆ ಇಡುತ್ತಾರೆ. ಒಂದು ಚುಕ್ಕೆ ಸ್ವಲ್ಪ ಮೇಲಿದೆಯೆಂದು ಉಪಕರಣವನ್ನು ತಿರುಚುವ ತಂತ್ರಜ್ಞರು ನಮ್ಮ ಸಕ್ಕರೆಯ ಕೆಲಸಗಾರನ ಒಡಹುಟ್ಟಿದವರೇ. ಬದಲಿಗೆ, ಯಾವ ಚುಕ್ಕೆಯೂ ಎಲ್ಲೆ ದಾಟದಿದ್ದರೂ ಸತತ ಹತ್ತು ಚುಕ್ಕೆಗಳು ಸರಾಸರಿಯ ಒಂದೇ ಬದಿಯಲ್ಲಿ ಬಿದ್ದರೆ, ಅದು ಬರೀ ಆಕಸ್ಮಿಕವಿರಲಾರದು; ಆಗ ಎದ್ದುಹೋಗಿ ಹೊಸ ರಾಸಾಯನಿಕದ ಬಾಟಲಿಯನ್ನು ಎಂದು ತೆರೆದದ್ದೆಂದು ನೋಡಬೇಕು.