ಉಪ್ಪಿನ ಗೋಡೆಗಳ ದುರಸ್ತಿ: ಸೀವಾದ ಕರ್ಶೆಫ್ ಕಟ್ಟಡಗಳು

ಈಜಿಪ್ಟಿನ ಪಶ್ಚಿಮ ಮರುಭೂಮಿಯಲ್ಲಿ, ಲಿಬಿಯಾ ಗಡಿಯ ಹತ್ತಿರವಿರುವ ಸೀವಾ ಓಯಸಿಸ್ ಸಮುದ್ರಮಟ್ಟಕ್ಕಿಂತ ತಗ್ಗಿನಲ್ಲಿದೆ. ಬುಗ್ಗೆಗಳ ನೀರು ಹೊರಗೆ ಹರಿದುಹೋಗಲು ದಾರಿಯಿಲ್ಲದೆ ಕೆರೆಗಳಾಗಿ ನಿಂತು, ಬಿಸಿಲಿಗೆ ಆವಿಯಾಗಿ, ದಡದಲ್ಲಿ ಉಪ್ಪಿನ ಗಟ್ಟಿ ಪದರವನ್ನು ಉಳಿಸುತ್ತದೆ. ಮಣ್ಣು, ಮರಳು ಸೇರಿಕೊಂಡ ಈ ಪದರವನ್ನು ಒಡೆದು ತೆಗೆದ ಗಡ್ಡೆಗಳೇ ಕರ್ಶೆಫ್. ಇಲ್ಲಿನ ಗುಡ್ಡದ ಮೇಲಿರುವ 13ನೆಯ ಶತಮಾನದ ಶಾಲಿ ಕೋಟೆಯೂ ಅದರೊಳಗೆ ಒಂದಕ್ಕೊಂದು ಒತ್ತಿಕೊಂಡಿದ್ದ ಹಲವು ಅಂತಸ್ತಿನ ಮನೆಗಳೂ ಇದರಿಂದಲೇ ಎದ್ದವು.

ಕರ್ಶೆಫ್ ಗೋಡೆಯ ಗುಟ್ಟು ಅದರ ಗಾರೆಯಲ್ಲಿದೆ. ಅಡ್ಡಾದಿಡ್ಡಿ ಆಕಾರದ ಗಡ್ಡೆಗಳನ್ನು ಉಪ್ಪುಮಣ್ಣಿನ ಕೆಸರಿನಲ್ಲಿ ಕೂರಿಸುತ್ತಾರೆ. ಕೆಸರು ಒಣಗುವಾಗ ಅದರಲ್ಲಿ ಕರಗಿದ್ದ ಉಪ್ಪು ಹರಳುಗಟ್ಟಿ ಗಡ್ಡೆಯನ್ನೂ ಗಾರೆಯನ್ನೂ ಬೆಸೆಯುವುದರಿಂದ, ಕಾಲಕ್ರಮದಲ್ಲಿ ಇಡೀ ಗೋಡೆ ಒಂದೇ ಬಂಡೆಯಂತಾಗುತ್ತದೆ. ಒಂದು ವರಸೆ ಒಣಗಿದ ಮೇಲೆಯೇ ಮುಂದಿನದನ್ನು ಏರಿಸಬೇಕಾದ್ದರಿಂದ ಕೆಲಸ ನಿಧಾನ. ಬುಡದಲ್ಲಿ ದಪ್ಪವಾಗಿದ್ದು ಮೇಲೇರಿದಂತೆ ತೆಳುವಾಗುವ ಈ ಗೋಡೆ ಹಗಲಿನ ಕಾವನ್ನು ಒಳಕ್ಕೆ ತಡವಾಗಿ ಬಿಡುತ್ತದೆ. ಚಾವಣಿಗೆ ಖರ್ಜೂರದ ಕಾಂಡ, ಅದರ ಮೇಲೆ ಗರಿ, ಅದರ ಮೇಲೆ ಮಣ್ಣು.

ಬಲ ಕೊಟ್ಟ ಉಪ್ಪೇ ದೌರ್ಬಲ್ಯವೂ ಹೌದು. ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು ಶೇ. 75 ದಾಟಿದರೆ ಅಡುಗೆ ಉಪ್ಪು ತಾನಾಗಿ ತೇವ ಹೀರಿ ನೀರಾಗತೊಡಗುತ್ತದೆ. ಮಳೆಗಂತೂ ಕರಗಿಯೇ ಹೋಗುತ್ತದೆ. ಮಳೆಯೇ ಅಪರೂಪವಾದ ಊರಿನಲ್ಲಿ 1926ರಲ್ಲಿ ಮೂರು ದಿನ ಸುರಿದ ಮಳೆ ಶಾಲಿಯ ಮನೆಗಳನ್ನು ಕುಸಿಯುವಂತೆ ಮಾಡಿತು. ಆದರೆ ಮಳೆಯೊಂದನ್ನೇ ದೂರುವುದು ಅರ್ಧ ವಿವರಣೆ ಎಂಬುದು ನನ್ನ ಅಭಿಪ್ರಾಯ. ಆ ಬಳಿಕ ಜನರು ಗುಡ್ಡವಿಳಿದು ಕೆಳಗೆ ಮನೆ ಕಟ್ಟಿಕೊಂಡರು. ಬಿರುಕಿಗೆ ಮಣ್ಣು ಮೆತ್ತುವವರು, ಚಾವಣಿ ಸರಿಪಡಿಸುವವರು ಇಲ್ಲದ ಮೇಲೆ, ಮಳೆ ಉಳಿಸಿದ್ದನ್ನೂ ಕಾಲ ಕೆಡವುತ್ತಾ ಹೋಯಿತು.

ದುರಸ್ತಿಯಲ್ಲಿ ಸಿಮೆಂಟನ್ನು ಏಕೆ ದೂರವಿಡಬೇಕೆಂಬುದನ್ನು ಇಲ್ಲಿ ಸ್ಪಷ್ಟವಾಗಿ ಅರ್ಥಮಾಡಿಕೊಳ್ಳಬಹುದು. ಮಣ್ಣಿನ ಗಿಲಾವು ಗೋಡೆಯ ತೇವವನ್ನು ಹೊರಕ್ಕೆ ಆರಲು ಬಿಡುತ್ತದೆ. ಸಿಮೆಂಟಿನ ಬಿಗಿಯಾದ ಗಿಲಾವು ಅದನ್ನು ತಡೆಯುವುದರಿಂದ, ಉಪ್ಪು ಎರಡರ ನಡುವೆ ಹರಳುಗಟ್ಟಿ ಹಿಗ್ಗಿ, ಕೊನೆಗೆ ಗಿಲಾವು ಹಳೆಯ ಗೋಡೆಯ ಹೊರಪದರವನ್ನೂ ಕಿತ್ತುಕೊಂಡು ಕಳಚಿಬೀಳುತ್ತದೆ. ಒಳಗೆ ಕಬ್ಬಿಣದ ಸರಳುಗಳಿದ್ದರೆ ಉಪ್ಪಿನ ಕ್ಲೋರೈಡ್ ಅವನ್ನು ಬೇಗನೆ ತುಕ್ಕು ಹಿಡಿಸುತ್ತದೆ. ಹೊಸ ಗೋಡೆಗೆ ಸಿಮೆಂಟು ಸರಿಯೇ ತಪ್ಪೇ ಎಂಬುದು ಬೇರೆ ಚರ್ಚೆ. ಹಳೆಯ ಉಪ್ಪಿನ ಗೋಡೆಗೆ ಅದು ಹೊಂದುವುದಿಲ್ಲ.

ಯುರೋಪಿಯನ್ ಒಕ್ಕೂಟದ ನೆರವಿನಿಂದ ನಡೆದು 2020ರಲ್ಲಿ ಮುಗಿದ ಶಾಲಿಯ ಜೀರ್ಣೋದ್ಧಾರದಲ್ಲಿ ಕರ್ಶೆಫನ್ನೇ ಬಳಸಲಾಯಿತು. ಸಾಮಗ್ರಿಯ ಆಯ್ಕೆ ಸರಿಯಾದರೂ ಪ್ರಮಾಣದ ಪ್ರಶ್ನೆ ಉಳಿಯುತ್ತದೆ: ಕರಗಿ ಮೊಂಡಾದ ಅವಶೇಷವನ್ನು ಬೀಳದಂತೆ ಹಿಡಿದು ನಿಲ್ಲಿಸಿದರೆ ಸಾಕೇ, ಅಥವಾ ಗೋಡೆಯನ್ನು ಮೊದಲಿನ ಎತ್ತರಕ್ಕೆ ಕಟ್ಟಬೇಕೇ? ಪುನಃ ಜನ ಬಳಸುವ ಕೋಣೆಗಳ ಮಟ್ಟಿಗೆ ಎರಡನೆಯದನ್ನು ಒಪ್ಪಬಹುದು, ಏಕೆಂದರೆ ಒಳಗೆ ಓಡಾಟವಿದ್ದಲ್ಲಿ ಚಾವಣಿಯ ಮಣ್ಣು ಸವೆದದ್ದು ಕೂಡಲೇ ಕಣ್ಣಿಗೆ ಬೀಳುತ್ತದೆ. ಖಾಲಿಯಾಗಿಯೇ ಇರುವ ಭಾಗಗಳಲ್ಲಿ ಗೋಡೆಯ ನೆತ್ತಿಗೆ ಮಣ್ಣಿನ ಹೊದಿಕೆ ಕೊಟ್ಟು, ನೀರು ಬುಡದಲ್ಲಿ ನಿಲ್ಲದಂತೆ ಇಳಿಜಾರು ಮಾಡುವುದು ಹೆಚ್ಚು ವಿವೇಕದ ಕ್ರಮ.