ಮಾಸ್ಟರ್ ಪಾಸ್‌ವರ್ಡ್ ಮರೆತರೆ ಯಾರಿಗೂ ಫೋನ್ ಮಾಡಬೇಡಿ

ದಾವಣಗೆರೆಯಲ್ಲಿ ಅಂಗಡಿ, ಆಡಿಟರ್ ಆಫೀಸು, ಕ್ಲಿನಿಕ್‌ಗಳ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಕೆಲಸ. "ಪಾಸ್‌ವರ್ಡ್ ಮ್ಯಾನೇಜರ್ ಯಾವುದು ಬೆಸ್ಟ್ ಸಾರ್?" ಅಂತ ಎಲ್ಲರೂ ಕೇಳುತ್ತಾರೆ. ನಿಮ್ಮ ಎಲ್ಲಾ ಪಾಸ್‌ವರ್ಡ್‌ಗಳನ್ನು ಒಂದೇ ಕಡೆ ಬೀಗ ಹಾಕಿ ಇಡುವ ಸಾಫ್ಟ್‌ವೇರ್ ಅದು. ಆ ಬೀಗ ತೆರೆಯುವ ಒಂದೇ ಪಾಸ್‌ವರ್ಡಿಗೆ ಮಾಸ್ಟರ್ ಪಾಸ್‌ವರ್ಡ್ ಅನ್ನುತ್ತಾರೆ. ಯಾವುದು ಬೆಸ್ಟ್ ಅನ್ನುವುದಕ್ಕೆ ಚಹಾ ಕುಡಿದು ಮುಗಿಸುವಷ್ಟರಲ್ಲಿ ಉತ್ತರ ಹೇಳಬಹುದು. ಆಮೇಲೆ ಆರು ತಿಂಗಳೋ ವರ್ಷವೋ ಕಳೆದ ಮೇಲೆ ಅದೇ ಜನ ಫೋನ್ ಮಾಡುತ್ತಾರೆ. "ಸಾರ್, ಮಾಸ್ಟರ್ ಪಾಸ್‌ವರ್ಡ್ ಮರೆತು ಹೋಗೇತಿ, ಸ್ವಲ್ಪ ತೆಗೆದುಕೊಡ್ರಿ." ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಸಾಫ್ಟ್‌ವೇರ್ ಮಾಡಿದ ಕಂಪನಿ ಹತ್ತಿರವೂ ಇಲ್ಲ.

ಇದನ್ನು ಎಷ್ಟು ಸಲ ಹೇಳಿದರೂ ಜನ ನಂಬುವುದಿಲ್ಲ. ನನಗೆ ಕೆಲಸ ಬರುವುದಿಲ್ಲ ಅಂದುಕೊಂಡು ಇನ್ನೊಬ್ಬರನ್ನು ಕೇಳುತ್ತಾರೆ. ತಪ್ಪು ಅವರದ್ದೂ ಅಲ್ಲ. ಜಿಮೇಲ್ ಪಾಸ್‌ವರ್ಡ್ ಮರೆತರೆ ಮೊಬೈಲಿಗೆ ಓಟಿಪಿ ಬರುತ್ತದೆ. ಜಿಎಸ್‌ಟಿ ಪೋರ್ಟಲ್‌ನದ್ದು ಮರೆತರೂ ಓಟಿಪಿ ಬರುತ್ತದೆ. ಬ್ಯಾಂಕಿನದ್ದು ಮರೆತರೆ ಬ್ರಾಂಚಿಗೆ ಹೋಗಿ ಕೇಳಬಹುದು. ಹೀಗಾಗಿ ಪಾಸ್‌ವರ್ಡ್ ಅಂದರೆ ಮರೆತರೂ ನಡೆಯುವ ವಸ್ತು ಅಂತ ನಮ್ಮ ತಲೆಯಲ್ಲಿ ಕೂತಿದೆ. ಎಲ್ಲೋ ಒಬ್ಬ ಮೇಲಿನವನು ಇರುತ್ತಾನೆ, ಅವನಿಗೆ ಹೇಳಿದರೆ ಹೊಸದು ಕೊಡುತ್ತಾನೆ ಅಂತ.

ಪಾಸ್‌ವರ್ಡ್ ಮ್ಯಾನೇಜರ್‌ನಲ್ಲಿ ಆ ಮೇಲಿನವನು ಇಲ್ಲ. ಬೇಕೆಂದೇ ಇಟ್ಟಿಲ್ಲ.

ಕೆಲಸ ನಡೆಯುವುದು ಹೀಗೆ. ನೀವು ಮಾಸ್ಟರ್ ಪಾಸ್‌ವರ್ಡ್ ಟೈಪ್ ಮಾಡುತ್ತೀರಿ. ನಿಮ್ಮ ಕಂಪ್ಯೂಟರ್ ಅದನ್ನು ಲಕ್ಷಾಂತರ ಸಲ ಕಲಸಿ, ತಿರುವಿ ಒಂದು ಬೀಗದ ಕೀ ಮಾಡುತ್ತದೆ. ಬಿಟ್‌ವಾರ್ಡನ್ ಅನ್ನುವ ಮ್ಯಾನೇಜರ್‌ನಲ್ಲಿ ಈಗ ಹೊಸ ಖಾತೆಗೆ ಮಾಮೂಲಾಗಿ ಇರುವ ಲೆಕ್ಕ 6,00,000 ಸಲ. ಆ ಕೀಯಿಂದ ನಿಮ್ಮ ಪಾಸ್‌ವರ್ಡ್‌ಗಳ ಗಂಟಿಗೆ ಬೀಗ ಬೀಳುತ್ತದೆ. ಕಂಪನಿಯ ಸರ್ವರ್‌ಗೆ ಗಂಟು ಹೋಗುವುದು ಬೀಗ ಬಿದ್ದ ಮೇಲೆಯೇ. ನಿಮ್ಮ ಮಾಸ್ಟರ್ ಪಾಸ್‌ವರ್ಡ್ ಹೋಗುವುದಿಲ್ಲ, ಕೀಯೂ ಹೋಗುವುದಿಲ್ಲ. ಬ್ಯಾಂಕ್ ಲಾಕರ್ ಕೀ ಕಳೆದುಹೋದರೆ ಮ್ಯಾನೇಜರ್ ಮುಂದೆ ಕೂತು, ದುಡ್ಡು ಕಟ್ಟಿ, ಒಡೆಸಬಹುದು. ಇಲ್ಲಿ ಒಡೆಯುವವರೇ ಇಲ್ಲ. ಕಂಪನಿಯ ಯಜಮಾನನೇ ಬಂದು ಕೂತರೂ ಒಡೆಯಲು ಆಗುವುದಿಲ್ಲ. ಆಗುವ ಹಾಗಿದ್ದರೆ ಕಳ್ಳನಿಗೂ ಆಗುತ್ತಿತ್ತು ಅಲ್ವಾ?

ಮಂಡಿಪೇಟೆಯ ಒಬ್ಬ ವ್ಯಾಪಾರಿಗೆ ಇದು ಆಗಿದ್ದು ದೀಪಾವಳಿ ಆಫರ್‌ನಲ್ಲಿ. ಒಳ್ಳೆಯ ಮನುಷ್ಯ, ಲೆಕ್ಕದಲ್ಲಿ ಬಹಳ ಚುರುಕು. ಮಾಸ್ಟರ್ ಪಾಸ್‌ವರ್ಡ್ ಇಟ್ಟ ದಿನ ಒಂದೆರಡು ಸಲ ಟೈಪ್ ಮಾಡಿದ್ದರು. ಆಮೇಲೆ ಎಲ್ಲಾ ಬೆರಳಚ್ಚಿನಲ್ಲೇ ನಡೆಯಿತು. ಬೆರಳು ಒತ್ತಿದರೆ ತೆರೆಯುತ್ತದೆ, ಇನ್ನೇನು ಬೇಕು? ಹಬ್ಬಕ್ಕೆ ಹಳೇ ಫೋನ್ ಎಕ್ಸ್‌ಚೇಂಜ್‌ಗೆ ಹಾಕಿದರು. ಅಂಗಡಿಯ ಹುಡುಗ ಫೋನನ್ನು ಪೂರ್ತಿ ಅಳಿಸಿಕೊಟ್ಟ. ಹೊಸ ಫೋನಿನಲ್ಲಿ ಆ್ಯಪ್ ಹಾಕಿದರೆ ಅದು ಬೆರಳು ಕೇಳಲಿಲ್ಲ, ಮಾಸ್ಟರ್ ಪಾಸ್‌ವರ್ಡ್ ಕೇಳಿತು.

"ಕಂಪನಿಗೆ ಫೋನ್ ಹಚ್ಚಿಕೊಡ್ರಿ, ಎಷ್ಟಾದ್ರೂ ಕೊಡೋಣ" ಅಂದರು. ದುಡ್ಡಿನ ಪ್ರಶ್ನೆ ಅಲ್ಲ ಸಾವ್ಕಾರ್ರೇ ಅಂದೆ. ಅವರಿಗೆ ಸಮಾಧಾನ ಆಗಲಿಲ್ಲ. ಗೂಗಲ್‌ನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕಲು ಹೊರಟರು. ಅದನ್ನಂತೂ ಗದರಿಸಿಯೇ ನಿಲ್ಲಿಸಿದೆ. ಹಾಗೆ ಸಿಗುವ ನಂಬರ್‌ಗಳಲ್ಲಿ ಮೋಸಗಾರರದ್ದು ಬೇಕಾದಷ್ಟಿವೆ. ಎನಿಡೆಸ್ಕ್ ಹಾಕಿಕೊಳ್ಳಿ ಅನ್ನುತ್ತಾರೆ, ನಿಮ್ಮ ಸ್ಕ್ರೀನ್ ನೋಡುತ್ತಾ ಖಾತೆ ಖಾಲಿ ಮಾಡುತ್ತಾರೆ. ಈಗಾಗಲೇ ಹಾಗೆ ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಕೊನೆಗೆ ಅವರ ಹಳೇ ಖಾತೆಯನ್ನು ಅಳಿಸಿ ಖಾಲಿ ಖಾತೆ ಮಾಡಿಕೊಟ್ಟೆ. ಒಂದೊಂದೇ ಸೈಟಿಗೆ ಹೋಗಿ, ಓಟಿಪಿ ತರಿಸಿ, ಹೊಸ ಪಾಸ್‌ವರ್ಡ್ ಇಟ್ಟರು. ಜಿಎಸ್‌ಟಿ ಓಟಿಪಿ ಮಾತ್ರ ಬರಲೇ ಇಲ್ಲ. ನೋಡಿದರೆ ಅಲ್ಲಿ ಇದ್ದಿದ್ದು ಹಳೇ ಗುಮಾಸ್ತನ ಮೊಬೈಲ್ ನಂಬರ್. ಅವನು ಕೆಲಸ ಬಿಟ್ಟು ಹರಿಹರಕ್ಕೆ ಹೋಗಿ ಬಹಳ ದಿನವಾಗಿತ್ತು. ಇದು ನಮ್ಮೂರಲ್ಲಿ ಮನೆಮನೆ ಕಥೆ. ರಿಜಿಸ್ಟ್ರೇಷನ್ ಮಾಡಿಸುವಾಗ ಯಜಮಾನರು "ನಿನ್ನ ನಂಬರೇ ಹಾಕು ಮಾರಾಯ" ಅಂದಿರುತ್ತಾರೆ. ಪಾಸ್‌ವರ್ಡ್ ಮ್ಯಾನೇಜರ್ ಹಾಕಿಸುವ ಮೊದಲು ಪ್ರತಿ ಪೋರ್ಟಲ್‌ನಲ್ಲಿ ಯಾರ ನಂಬರ್, ಯಾರ ಇಮೇಲ್ ಇದೆ ಅಂತ ನೋಡಿಕೊಳ್ಳಿ. ರಿಟರ್ನ್ ಕಟ್ಟುವ 20ನೇ ತಾರೀಖು ಸಂಜೆ ಅದನ್ನು ಕಂಡುಹಿಡಿಯುವುದು ಬೇಡ.

ಫೋನಿನಲ್ಲೋ ಕಂಪ್ಯೂಟರಿನಲ್ಲೋ ಬೆರಳಚ್ಚಿನಿಂದ ಇನ್ನೂ ತೆರೆಯುತ್ತಿದ್ದು, ಮಾಸ್ಟರ್ ಪಾಸ್‌ವರ್ಡ್ ಮಾತ್ರ ಮರೆತಿದ್ದರೆ ಗಾಬರಿ ಬೇಡ. ಲಾಗ್‌ಔಟ್ ಮಾಡಬೇಡಿ. ಆ್ಯಪ್ ತೆಗೆದು ಮತ್ತೆ ಹಾಕೋಣ ಅನ್ನುವ ಬುದ್ಧಿವಂತಿಕೆ ಬೇಡವೇ ಬೇಡ. ಒಳಗಿರುವ ಪಾಸ್‌ವರ್ಡ್‌ಗಳನ್ನು ಒಂದೊಂದಾಗಿ ನೋಡಿ ಕಾಗದದಲ್ಲಿ ಬರೆದುಕೊಳ್ಳಿ. ಆಮೇಲೆ ಹೊಸ ಖಾತೆ ಮಾಡಿ. ಬೇಜಾರಿನ ಕೆಲಸ, ಆದರೆ ಎಲ್ಲವೂ ಉಳಿಯುತ್ತದೆ.

ಇನ್ನೊಂದು ಗೊಂದಲ ಇದೆ. ಕೆಲವರು ಬಹಳ ಜೋಪಾನವಾಗಿ ರಿಕವರಿ ಕೋಡ್ ಪ್ರಿಂಟ್ ತೆಗೆದು ಇಟ್ಟಿರುತ್ತಾರೆ. ತಂದು ತೋರಿಸುತ್ತಾರೆ, "ಇದು ಐತಲ್ಲ?" ಬಿಟ್‌ವಾರ್ಡನ್‌ನ ಆ ಕೋಡ್ ಇರುವುದು ಎರಡನೇ ಹಂತದ ಪರೀಕ್ಷೆಗೆ, ಅಂದರೆ ಓಟಿಪಿ ತೋರಿಸುವ ಆ್ಯಪ್ ಕಳೆದುಹೋದಾಗ. ಆಗಲೂ ಮಾಸ್ಟರ್ ಪಾಸ್‌ವರ್ಡ್ ಬೇಕೇ ಬೇಕು. ಎರಡನ್ನೂ ಒಂದೇ ಅಂದುಕೊಂಡು ಧೈರ್ಯವಾಗಿ ಇರಬೇಡಿ.

ಹಾಗಾದರೆ ಏನು ಮಾಡಬೇಕು? ಕಾಗದದಲ್ಲಿ ಬರೆದಿಡಿ. ಕಂಪ್ಯೂಟರ್ ರಿಪೇರಿಯವನು ಹೀಗೆ ಹೇಳಿದರೆ ಜನ ನಗುತ್ತಾರೆ. ವಿದ್ಯಾನಗರದಲ್ಲಿ ಒಬ್ಬ ನಿವೃತ್ತ ಟೀಚರಮ್ಮ ಇದ್ದಾರೆ. ಗ್ಯಾಸ್ ಪುಸ್ತಕದ ಹಿಂದೆ ಪಾಸ್‌ವರ್ಡ್ ಬರೆದಿದ್ದಾರೆ ಅಂತ ಬೆಂಗಳೂರಿನ ಮಗ ಅವರನ್ನು ರೇಗಿಸುತ್ತಾನೆ. ನಾನು ಆಯಮ್ಮನ ಕಡೆ. ಅವರ ಬೀರುವಿನಲ್ಲಿರುವ ಪುಸ್ತಕವನ್ನು ರಷ್ಯಾದಲ್ಲಿ ಕೂತ ಕಳ್ಳ ಓದಲಾರ. ಅದೇ ಮಗ ತನ್ನ ಪಾಸ್‌ವರ್ಡ್‌ಗಳನ್ನೆಲ್ಲ ವಾಟ್ಸಾಪ್‌ನಲ್ಲಿ ತನಗೇ ಮೆಸೇಜ್ ಮಾಡಿಕೊಂಡಿದ್ದಾನೆ. ಯಾರು ಯಾರಿಗೆ ಬುದ್ಧಿ ಹೇಳಬೇಕೋ.

ಮಾಸ್ಟರ್ ಪಾಸ್‌ವರ್ಡನ್ನು ಒಂದು ಹಾಳೆಯಲ್ಲಿ ಬರೆಯಿರಿ. ಜೊತೆಗೆ ಯಾವ ಸಾಫ್ಟ್‌ವೇರ್, ಯಾವ ಇಮೇಲ್, ಮತ್ತು ರಿಕವರಿ ಕೋಡ್. ಕವರಿಗೆ ಹಾಕಿ ಅಂಟಿಸಿ. ಮನೆಪತ್ರ, ಬಾಂಡ್‌ಗಳು ಎಲ್ಲಿವೆಯೋ ಅಲ್ಲೇ ಇಡಿ. ಮನೆಯಲ್ಲಿ ಇನ್ನೊಬ್ಬರಿಗೆ ಕವರ್ ಎಲ್ಲಿದೆ ಅಂತ ಗೊತ್ತಿರಲಿ. ಮಾನಿಟರ್‌ಗೆ ಅಂಟಿಸಿದ ಹಳದಿ ಚೀಟಿ ಇದರ ಲೆಕ್ಕಕ್ಕೆ ಬರುವುದಿಲ್ಲ, ಅದನ್ನು ಈಗಲೇ ಕಿತ್ತುಹಾಕಿ. ಫೋನಿನಲ್ಲಿ ಫೋಟೋ ತೆಗೆದು ಇಡುವುದೂ ಬೇಡ. ಮತ್ತೆ ವಾರಕ್ಕೊಮ್ಮೆಯಾದರೂ ಬೆರಳು ಬಿಟ್ಟು ಕೈಯಿಂದ ಟೈಪ್ ಮಾಡಿ. ಮರೆಯುವವರೆಲ್ಲ ಹೆಚ್ಚಾಗಿ ಟೈಪ್ ಮಾಡದೆ ಮರೆತವರು, ವಯಸ್ಸಿನಿಂದ ಅಲ್ಲ.

ಮಾಸ್ಟರ್ ಪಾಸ್‌ವರ್ಡ್ ಹೇಗಿರಬೇಕು ಅಂದರೆ, ಉದ್ದ ಇರಬೇಕು. ಊರಿನ ಹೆಸರು, ಅಟ್ ಚಿಹ್ನೆ, ಒಂದು ಎರಡು ಮೂರು. ಈ ಊರಿನ ಅರ್ಧ ವೈಫೈ ಇದರಿಂದಲೇ ತೆರೆಯುತ್ತದೆ ಅಂತ ನನ್ನ ಅನುಮಾನ. ಅದು ಬೇಡ. ಒಂದಕ್ಕೊಂದು ಸಂಬಂಧ ಇಲ್ಲದ ಐದು ಪದ ಆರಿಸಿ. ಗಾದೆ ಬೇಡ, ವಚನದ ಸಾಲು ಬೇಡ, ಸಿನಿಮಾ ಹಾಡು ಬೇಡ. ಮಂಡಕ್ಕಿ, ಬೆಣ್ಣೆ, ದೋಸೆ ಅಂತ ಹಾಕಿದರೆ ದಾವಣಗೆರೆಯವರು ಯಾರಾದರೂ ಊಹಿಸುತ್ತಾರೆ. ಪುಸ್ತಕ ತೆರೆದು ಕಣ್ಣುಮುಚ್ಚಿ ಬೆರಳಿಟ್ಟು ಆರಿಸಿದರೆ ವಾಸಿ. ಆರು ಮುಖದ ದಾಳ ಹಾಕಿ ಪದ ಆರಿಸುವ ಪದ್ಧತಿ 1995ರಿಂದಲೇ ಇದೆ, ಅದರ ಹೆಸರು ಡೈಸ್‌ವೇರ್. ಅದರ ಪಟ್ಟಿಯಲ್ಲಿ 7,776 ಪದ ಇರುತ್ತವೆ, ಐದು ದಾಳಕ್ಕೆ ಒಂದು ಪದ.

ಕನ್ನಡ ಪದ ಇಡಬಹುದಾ ಅಂತ ಕೇಳುತ್ತಾರೆ. ಧಾರಾಳವಾಗಿ ಇಡಿ, ಆದರೆ ಇಂಗ್ಲಿಷ್ ಅಕ್ಷರದಲ್ಲಿ. ಕನ್ನಡ ಲಿಪಿಯಲ್ಲಿ ಇಟ್ಟರೆ ಇನ್ನೊಂದು ಕಂಪ್ಯೂಟರ್‌ನಲ್ಲಿ ನುಡಿ ಸಾಫ್ಟ್‌ವೇರೂ ಇರುವುದಿಲ್ಲ, ಯೂನಿಕೋಡ್ ಕೀಬೋರ್ಡೂ ಇರುವುದಿಲ್ಲ, ಆಗ ಒದ್ದಾಡುತ್ತೀರಿ. ಇಂಗ್ಲಿಷ್ ಅಕ್ಷರದಲ್ಲಿ ಬರೆದರೂ ಒಂದು ಎಚ್ಚರ. "ತೋಟ"ದ ತೋ ಬರೆಯುವಾಗ ಟೀ ಮುಂದೆ ಎಚ್ ಹಾಕಿದಿರೋ ಇಲ್ಲವೋ? ಉದ್ದ ಓಕಾರಕ್ಕೆ ಒಂದು ಓ ಹಾಕಿದಿರೋ ಎರಡೋ? ಇವತ್ತು ಒಂದು ಥರ ಬರೆದು ನಾಳೆ ಇನ್ನೊಂದು ಥರ ಬರೆಯುತ್ತೇವೆ. ಹಾಳೆಯಲ್ಲಿ ಅಕ್ಷರ ಅಕ್ಷರವಾಗಿ ಬರೆಯಿರಿ ಅನ್ನುವುದು ಅದಕ್ಕೇ.

ಇಷ್ಟಾದ ಮೇಲೆ ಯಾವುದು ಬೆಸ್ಟ್ ಅನ್ನುವ ಮಾತು. ಮನೆಗಾದರೆ, ಫೋನಿನಲ್ಲೂ ಲ್ಯಾಪ್‌ಟಾಪ್‌ನಲ್ಲೂ ಬೇಕು ಅಂದರೆ, ಬಿಟ್‌ವಾರ್ಡನ್‌ನ ಉಚಿತ ಆವೃತ್ತಿ ಸಾಕು. ಎಷ್ಟು ಪಾಸ್‌ವರ್ಡ್ ಬೇಕಾದರೂ ಇಡಬಹುದು, ಎಷ್ಟು ಸಾಧನದಲ್ಲಿ ಬೇಕಾದರೂ ಹಾಕಬಹುದು. ನಿಮ್ಮ ಪಾಸ್‌ವರ್ಡ್‌ಗಳು ಇಂಟರ್‌ನೆಟ್‌ಗೆ ಹೋಗುವುದೇ ಬೇಡ ಅನ್ನುವವರಿಗೆ ಕೀಪಾಸ್‌ಎಕ್ಸ್‌ಸಿ ಇದೆ. ಎಲ್ಲವೂ ನಿಮ್ಮದೇ ಕಂಪ್ಯೂಟರಿನ ಒಂದು ಫೈಲಿನಲ್ಲಿ ಇರುತ್ತದೆ. ಹಾರ್ಡ್ ಡಿಸ್ಕ್ ಕೆಟ್ಟರೆ ಅದೂ ಹೋಗುತ್ತದೆ, ಹಾಗಾಗಿ ಬ್ಯಾಕಪ್ ಮಾಡುವ ಶಿಸ್ತು ಇರುವವರಿಗೆ ಮಾತ್ರ. ಅಂಥವರು ನನಗೆ ಸಿಕ್ಕಿದ್ದು ಕಡಿಮೆ. ದುಡ್ಡು ಕೊಡಲು ತಯಾರಿದ್ದರೆ ಒನ್‌ಪಾಸ್‌ವರ್ಡ್. ಅದರ ಫ್ಯಾಮಿಲಿ ಪ್ಲಾನ್‌ನಲ್ಲಿ ಒಬ್ಬರು ಮರೆತರೆ ಮನೆಯ ಇನ್ನೊಬ್ಬ ಮೇಲ್ವಿಚಾರಕರು ಖಾತೆ ಮರಳಿ ಕೊಡಿಸಬಹುದು. ಮರೆವಿನವರ ಮನೆಗೆ ಇದು ಯೋಚಿಸಬೇಕಾದ ಸಂಗತಿ.

ಕ್ರೋಮ್‌ನಲ್ಲೇ ಸೇವ್ ಮಾಡಿದರೆ ಸಾಲದಾ? ಮನೆಯಲ್ಲಿ ಒಬ್ಬರೇ ಬಳಸುವ ಲ್ಯಾಪ್‌ಟಾಪ್ ಆದರೆ, ಅದಕ್ಕೆ ವಿಂಡೋಸ್ ಪಾಸ್‌ವರ್ಡ್ ಇದ್ದರೆ, ಏನೂ ಇಲ್ಲದ್ದಕ್ಕಿಂತ ವಾಸಿ. ಆಫೀಸಿಗೆ ನಾನು ಬೇಡ ಅನ್ನುತ್ತೇನೆ. ಬಿಲ್ಲಿಂಗ್ ಕೌಂಟರ್‌ನ ಕಂಪ್ಯೂಟರ್ ಬೆಳಗ್ಗೆಯಿಂದ ರಾತ್ರಿಯವರೆಗೆ ತೆರೆದೇ ಇರುತ್ತದೆ, ಯಾರು ಕೂತರೂ ಪಾಸ್‌ವರ್ಡ್ ತಾನಾಗಿ ತುಂಬಿಕೊಳ್ಳುತ್ತದೆ. ಜೊತೆಗೆ ಅದರಲ್ಲಿ ಯಾರೋ ಹಾಕಿದ ಕ್ರ್ಯಾಕ್ ಸಾಫ್ಟ್‌ವೇರ್, ಅಂದರೆ ದುಡ್ಡು ಕೊಡದೆ ಬಳಸಲು ಲೈಸೆನ್ಸ್ ಮುರಿದದ್ದು, ಇರುತ್ತದೆ. ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್ ಕದಿಯಲೆಂದೇ ಮಾಡಿದ ವೈರಸ್‌ಗಳು ಅಂಥದ್ದರ ಜೊತೆಗೇ ಬರುತ್ತವೆ. ನಿಜ ಹೇಳಬೇಕಂದರೆ ವೈರಸ್ ಹೊಕ್ಕ ಕಂಪ್ಯೂಟರ್‌ನಲ್ಲಿ ಯಾವ ಮ್ಯಾನೇಜರ್ರೂ ನಿಮ್ಮನ್ನು ಪೂರ್ತಿ ಕಾಪಾಡುವುದಿಲ್ಲ. ಮೊದಲು ಆ ಕ್ರ್ಯಾಕ್ ತೆಗೆಸಿ.

"ಎಲ್ಲಾ ಒಂದೇ ಕಡೆ ಇಟ್ಟು ಆ ಕಂಪನಿಯೇ ಹ್ಯಾಕ್ ಆದ್ರೆ?" ಒಳ್ಳೆಯ ಪ್ರಶ್ನೆ. ಆಗಿದೆ ಕೂಡ. 2022ರಲ್ಲಿ ಲಾಸ್ಟ್‌ಪಾಸ್ ಅನ್ನುವ ಪಾಸ್‌ವರ್ಡ್ ಮ್ಯಾನೇಜರ್ ಕಂಪನಿಯ ಒಬ್ಬ ಎಂಜಿನಿಯರ್‌ನ ಮನೆಯ ಕಂಪ್ಯೂಟರ್‌ಗೆ ಕಳ್ಳರು ನುಗ್ಗಿದರು, ಅಲ್ಲಿಂದ ಗ್ರಾಹಕರ ಗಂಟುಗಳ ಬ್ಯಾಕಪ್ ಕದ್ದರು. ಸೈಟ್‌ಗಳ ವಿಳಾಸಕ್ಕೆ ಬೀಗವೇ ಇರಲಿಲ್ಲ, ಅವು ನೇರವಾಗಿ ಸಿಕ್ಕವು. ಪಾಸ್‌ವರ್ಡ್‌ಗಳು ಬೀಗದೊಳಗೇ ಇದ್ದವು. ಆದರೆ ಹಳೇ ಖಾತೆಗಳಲ್ಲಿ ಕಲಸುವ ಲೆಕ್ಕ 5,000 ಸಲ, ಕೆಲವಕ್ಕೆ ಇನ್ನೂ ಕಡಿಮೆ ಇತ್ತು. ಮಾಸ್ಟರ್ ಪಾಸ್‌ವರ್ಡ್ ಚಿಕ್ಕದಿದ್ದವರಿಗೆ ಆತಂಕ, ಉದ್ದ ಇದ್ದವರಿಗೆ ನಿದ್ದೆ. ಹೀಗಾಗಿ ನಾನು ಲಾಸ್ಟ್‌ಪಾಸ್ ಶಿಫಾರಸು ಮಾಡುವುದಿಲ್ಲ. ಆದರೆ ಆ ಕಥೆ ಹೇಳಿ ಎಕ್ಸೆಲ್ ಶೀಟಿಗೆ ವಾಪಸ್ ಹೋಗುವವರನ್ನು ಕಂಡರೆ ಸಿಟ್ಟು ಬರುತ್ತದೆ. ಎಕ್ಸೆಲ್‌ಗೆ ಬೀಗವನ್ನೇ ಹಾಕಿರಲಿಲ್ಲವಲ್ಲ ಮಹಾರಾಯರೇ.

ಆಡಿಟರ್ ಆಫೀಸಿನವರಿಗೆ ಒಂದು ಮಾತು ಬೇರೆ ಇದೆ. ನಿಮ್ಮ ಹತ್ತಿರ ಇರುವುದು ಬೇರೆಯವರ ಪಾಸ್‌ವರ್ಡ್. ನೂರಾರು ಜನರ ಜಿಎಸ್‌ಟಿ, ಇನ್‌ಕಮ್ ಟ್ಯಾಕ್ಸ್, ಪಿಎಫ್. ಎಲ್ಲ ಹುಡುಗರಿಗೂ ಒಂದೇ ಮಾಸ್ಟರ್ ಪಾಸ್‌ವರ್ಡ್ ಕೊಟ್ಟರೆ ಮ್ಯಾನೇಜರ್ ಹಾಕಿಸಿದ್ದೂ ದಂಡ. ಒಬ್ಬೊಬ್ಬರಿಗೆ ಬೇರೆ ಖಾತೆ ಇರುವ ಆಫೀಸ್ ಪ್ಲಾನ್ ತಗೊಳ್ಳಿ. ಯಾರು ಯಾವ ಗ್ರಾಹಕರ ಕೆಲಸ ನೋಡುತ್ತಾರೋ ಅದಷ್ಟೇ ಅವರಿಗೆ ಕಾಣಲಿ. ಕೆಲಸ ಬಿಟ್ಟು ಹೋದವರ ಖಾತೆ ಅಂದೇ ಮುಚ್ಚಿ, ಅವರು ನೋಡುತ್ತಿದ್ದ ಪಾಸ್‌ವರ್ಡ್‌ಗಳನ್ನು ಬದಲಿಸಿ. ಗ್ರಾಹಕರ ನೆಟ್‌ಬ್ಯಾಂಕಿಂಗ್ ಪಾಸ್‌ವರ್ಡ್ ಮಾತ್ರ ಇಟ್ಟುಕೊಳ್ಳಲೇಬೇಡಿ, ಅವರು ತಾವಾಗಿ ಕೊಟ್ಟರೂ ಬೇಡ. ಸರಕು ಸಾಗಿಸಲು ಬೇಕಾದ ಇ-ವೇ ಬಿಲ್‌ಗೆ 2025ರ ಏಪ್ರಿಲ್ 1ರಿಂದ ಎಲ್ಲರಿಗೂ ಪಾಸ್‌ವರ್ಡ್ ಜೊತೆ ಓಟಿಪಿ ಕಡ್ಡಾಯ. ಅದು ಯಜಮಾನರ ಫೋನಿಗೆ ಬಂದು, ಅವರು ಚನ್ನಗಿರಿಯ ತೋಟದಲ್ಲಿ ಸಿಗ್ನಲ್ ಇಲ್ಲದೆ ಇದ್ದರೆ ಲಾರಿ ನಿಲ್ಲುತ್ತದೆ. ಇಲ್ಲೂ ಒಬ್ಬೊಬ್ಬರಿಗೆ ಬೇರೆ ಸಬ್ ಯೂಸರ್, ಅಂದರೆ ಉಪಖಾತೆ, ಮಾಡಿಸಿ. ಪಾಸ್‌ವರ್ಡ್ ಮ್ಯಾನೇಜರ್ ಈ ತೊಂದರೆ ಬಗೆಹರಿಸುವುದಿಲ್ಲ.

ಒಂದು ಉಪಯೋಗ ಹೇಳದೆ ಇರಲಾರೆ. ಬ್ಯಾಂಕಿನ ಹೆಸರಿನ ನಕಲಿ ಸೈಟ್ ತೆರೆದರೆ ಮ್ಯಾನೇಜರ್ ಪಾಸ್‌ವರ್ಡ್ ತುಂಬುವುದಿಲ್ಲ. ಅದು ಬಣ್ಣ, ಲೋಗೋ ನೋಡುವುದಿಲ್ಲ, ವಿಳಾಸ ನೋಡುತ್ತದೆ. "ಇವತ್ತು ಯಾಕೋ ತುಂಬ್ತಿಲ್ಲ" ಅಂತ ಕೈಯಿಂದ ಕಾಪಿ ಮಾಡಿ ಹಾಕುವ ಮೊದಲು ವಿಳಾಸವನ್ನು ಅಕ್ಷರ ಬಿಡದೆ ಓದಿ.

ಇನ್ನು ಹಳೇ ಪಾಸ್‌ವರ್ಡ್‌ಗಳನ್ನು ಕ್ರೋಮ್‌ನಿಂದ ಹೊಸ ಮ್ಯಾನೇಜರ್‌ಗೆ ತಂದ ದಿನದ ಕೆಲಸ. ಹಾಗೆ ತರುವಾಗ ಒಂದು ಸಿಎಸ್‌ವಿ ಫೈಲ್ ಆಗುತ್ತದೆ, ಅದರಲ್ಲಿ ಎಲ್ಲಾ ಪಾಸ್‌ವರ್ಡ್ ಬೀಗವಿಲ್ಲದೆ ಇರುತ್ತವೆ. ಮುಕ್ಕಾಲು ಪಾಲು ಕಂಪ್ಯೂಟರ್‌ಗಳಲ್ಲಿ ಅದು ಡೌನ್‌ಲೋಡ್ಸ್ ಫೋಲ್ಡರ್‌ನಲ್ಲಿ ಹಾಗೇ ಬಿದ್ದಿರುತ್ತದೆ. ಅಳಿಸಿ, ರೀಸೈಕಲ್ ಬಿನ್ ಖಾಲಿ ಮಾಡಿ. ಡೌನ್‌ಲೋಡ್ಸ್ ಫೋಲ್ಡರ್ ಗೂಗಲ್ ಡ್ರೈವ್‌ಗೆ ತಾನಾಗಿ ಹೋಗುತ್ತಿದ್ದರೆ ಅಲ್ಲಿಂದಲೂ, ಅಲ್ಲಿನ ಟ್ರ್ಯಾಶ್‌ನಿಂದಲೂ ತೆಗೆಯಿರಿ. ಕ್ರೋಮ್‌ನಲ್ಲಿ ಉಳಿದಿರುವುದನ್ನು ಅಳಿಸುವುದು ಮಾತ್ರ ಕವರ್ ಬರೆದು ಅಂಟಿಸಿದ ಮೇಲೆ.